ಹೆಪ್ಪುನಾಡಿನ ಹಿಮಸಂಪಿಗೆ

ಬಹಳ ಹಿಂದೆ, ಉತ್ತರದ ಏಳು ಬೆಟ್ಟಗಳ ಆಚೆ, ಹೆಪ್ಪುನಾಡು ಎಂಬ ಒಂದು ರಾಜ್ಯವಿತ್ತು. ಹೆಪ್ಪು ಎಂದ ಕೂಡಲೇ ಮೊಸರಿನ ಗಡಿಗೆಯನ್ನು ನೆನೆಸಿಕೊಳ್ಳಬೇಡಿ. ಅಲ್ಲಿ ಹೆಪ್ಪುಗಟ್ಟುತ್ತಿದ್ದದ್ದು ಹಾಲಲ್ಲ. ಕೆರೆ, ಬಾವಿ, ಬಚ್ಚಲ ಹಂಡೆ, ಕೊನೆಗೆ ಗಂಡಸರ ಮೀಸೆ. ವರ್ಷದಲ್ಲಿ ಐದು ತಿಂಗಳು ಮಾಗಿಯ ಚಳಿ. ಉಳಿದ ಏಳು ತಿಂಗಳು, ಮಾಗಿ ಬರುತ್ತದಲ್ಲ ಎಂಬ ಚಿಂತೆ.

ಆ ನಾಡಿಗೆ ಬೂತರಸ ಎಂಬ ರಾಜನಿದ್ದ. ಇದ್ದ, ಅಷ್ಟೆ. ನಿಜವಾಗಿ ಆಳುತ್ತಿದ್ದವನು ಮಾಗಿರಾಯ ಎಂಬ ಮಾಂತ್ರಿಕ. ಅವನು ತೊಡುತ್ತಿದ್ದದ್ದು ಎಲೆಗಳ ನಿಲುವಂಗಿ. ಎಲೆಗಳು ಕೆಂಪಾಗುವ ಹೊತ್ತಿಗೆ ಸರಿಯಾಗಿ ಬೆಟ್ಟ ಇಳಿದು ಬಂದು, ಒಂದೊಂದು ಮರದ ಮುಂದೆ ನಿಂತು, "ಉದುರು" ಎನ್ನುತ್ತಿದ್ದ. ಮರ ಉದುರಿಸುತ್ತಿತ್ತು. ಉದುರಿದ ಎಲೆಗಳು ಹಾರಿ ಹೋಗಿ ತಾವಾಗಿಯೇ ನಿಲುವಂಗಿಗೆ ಹೊಲಿದುಕೊಳ್ಳುತ್ತಿದ್ದವು. ಆ ನಿಲುವಂಗಿಯ ಅಂಚು ನೆಲದ ಮೇಲೆ ಎಳೆದುಕೊಂಡು ಹೋದಲ್ಲೆಲ್ಲ ಹಿಮ ಬೀಳುತ್ತಿತ್ತು. ನಾಡಿನ ಎಲ್ಲ ಮರಗಳ ಎಲೆಯೂ ಅದರಲ್ಲಿ ಇರಲೇಬೇಕು, ಒಂದು ಮರದ್ದು ತಪ್ಪಿದರೂ ಹೊಲಿಗೆ ನಿಲ್ಲದು ಎಂದು ಮಂತ್ರದ ಕಟ್ಟಳೆ. ದೇವದಾರು ಮರಗಳು ಮಾತ್ರ ಎಲೆಗಳನ್ನು ಸಣ್ಣ ಮಾಡಿಕೊಂಡು, "ಇವು ಎಲೆಗಳೇ ಅಲ್ಲ ಸ್ವಾಮಿ, ಸೂಜಿಗಳು" ಎಂದು ಹೇಳಿ ತಪ್ಪಿಸಿಕೊಂಡಿದ್ದವು.

ಅರಮನೆಯ ತೋಟ ನೋಡಿಕೊಳ್ಳುತ್ತಿದ್ದವಳು ಬಾಚಲೆ. ಅವಳ ತಮ್ಮ ಕೇತ ಅರಸನ ಓಲೆಕಾರ, ಎಂದರೆ ಓಲೆ ಹೊತ್ತು ನಾಡಿನಿಂದ ನಾಡಿಗೆ ಓಡುವವನು. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವಳು ಅಕ್ಕನೇ. ಕೇತ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದ. ನಿಂತು ಉಣ್ಣುತ್ತಿದ್ದ, ಮಾತಾಡುತ್ತಲೇ ಹೊರಡುತ್ತಿದ್ದ. ನಿದ್ದೆಯಲ್ಲೂ ಅವನ ಹೆಬ್ಬೆರಳು ಅಲ್ಲಾಡುತ್ತಿತ್ತಂತೆ.

"ಒಂದು ತುತ್ತಾದ್ರೂ ಕೂತು ತಿನ್ನೋ, ಕೇತ" ಎಂದು ಅಕ್ಕ ಹೇಳಿ ಹೇಳಿ ಸೋತಿದ್ದಳು.

ಒಮ್ಮೆ ಕೇತ ತೆಂಕಣ ರಾಜ್ಯದಿಂದ ಬರುವಾಗ ಅಕ್ಕನಿಗೆಂದು ಒಂದು ಬೀಜ ತಂದ. ಗುಲಗಂಜಿಯಂತೆ ಕೆಂಪಗಿದ್ದ ಬೀಜ. ಸಂಪಿಗೆಯ ಕುಲದ್ದು, ಹೂವು ಮಾತ್ರ ಊಟದ ತಟ್ಟೆಯಷ್ಟು ದೊಡ್ಡದು, ಹಿಮದಷ್ಟು ಬೆಳ್ಳಗಿನದು; ಅದಕ್ಕೇ ಅಲ್ಲಿಯವರು ಅದನ್ನು ಹಿಮಸಂಪಿಗೆ ಎನ್ನುತ್ತಿದ್ದರು. ಹೆಸರಲ್ಲಿ ಹಿಮವಿದ್ದರೂ ಹಿಮವನ್ನು ಕಂಡ ಮರವಲ್ಲ. ಬಾಚಲೆ ಅದನ್ನು ಬಡಗಣ ಗಾಳಿ ತಾಗದ ಗೋಡೆಯ ಮಗ್ಗುಲಲ್ಲಿ ನೆಟ್ಟಳು. ಸಸಿ ಅಂಗೈ ಎತ್ತರವಾಯಿತು, ಮೊಣಕಾಲೆತ್ತರವಾಯಿತು, ಆಳೆತ್ತರವಾಯಿತು. ಎಲೆಗಳು ದಪ್ಪ, ಮೇಲುಗಡೆ ಎಣ್ಣೆ ಹಚ್ಚಿ ಒರೆಸಿದಂತೆ ಹೊಳಪು, ಕೆಳಗಡೆ ಕರುವಿನ ಕಿವಿಯಂತೆ ಕಂದು, ಮೆತ್ತಗೆ. ಚಳಿ ಬಂದರೂ ಅದು ಎಲೆ ಉದುರಿಸುತ್ತಿರಲಿಲ್ಲ. ಬಾಚಲೆ ಅದಕ್ಕೆ ಆರು ಮಾಗಿಗಳನ್ನು ದಾಟಿಸಿದಳು. ಹೇಗೆ ದಾಟಿಸಿದಳೆಂದು ಕೇತ ಒಮ್ಮೆಯೂ ಕೇಳಲಿಲ್ಲ. ಕೇಳಲು ನಿಂತರೆ ತಾನೆ!

ಗೋಡೆಯ ಮರೆಯಲ್ಲಿದ್ದಷ್ಟು ಕಾಲ ಅದು ಬರೀ ಸಸಿ, ಮಂತ್ರದ ಲೆಕ್ಕಕ್ಕೆ ಬಂದಿರಲಿಲ್ಲ. ಏಳನೆಯ ವರ್ಷ ಮರ ಗೋಡೆಯನ್ನು ಮೀರಿ ಬೆಳೆಯಿತು. ಮಾಗಿರಾಯನ ಕಣ್ಣಿಗೆ ಬಿತ್ತು.

"ಉದುರು" ಎಂದ. ಉದುರಲಿಲ್ಲ. "ಉದುರು" ಎಂದ. ಉದುರಲಿಲ್ಲ. ಮೂರನೆಯ ಸಲ ಅವನು ಕೂಗಿದ ರಭಸಕ್ಕೆ ಪಕ್ಕದ ದಾಳಿಂಬೆ ಗಿಡ ಹೆದರಿ ಇದ್ದಬದ್ದ ಎಲೆಗಳನ್ನೆಲ್ಲ ಬಿಸಾಕಿತು. ಹಿಮಸಂಪಿಗೆ ಮಿಸುಕಲಿಲ್ಲ.

"ಇದು ಉದುರಿಸೋ ಜಾತಿ ಅಲ್ಲ, ಸ್ವಾಮಿ" ಎಂದಳು ಬಾಚಲೆ. "ನಿಮಗೆ ನಾಡಿನ ಮರವೆಲ್ಲ ಇದೆ. ಇದೊಂದನ್ನ ಬಿಟ್ಟುಬಿಡಿ."

"ಇದೊಂದನ್ನ ಬಿಟ್ಟರೆ ನನ್ನ ಹೊಲಿಗೆಯೆಲ್ಲ ಬಿಚ್ಚುತ್ತೆ" ಎಂದ ಮಾಗಿರಾಯ. "ಮರದ ಮೇಲೆ ಅಷ್ಟು ಪ್ರೀತಿ ಇದ್ದರೆ ಅದರೊಳಗೇ ಇರು."

ಒಂದು ಹಿಡಿ ಹಿಮ ತೆಗೆದು ಅವಳ ಮೇಲೆ ಎರಚಿದ. ಬಾಚಲೆ ಅಲ್ಲಿರಲಿಲ್ಲ. ಮರದ ತೊಗಟೆ ಒಮ್ಮೆ ನಡುಗಿ ಸುಮ್ಮನಾಯಿತು.

ಓಲೆಯ ಚೀಲ ಹೆಗಲಲ್ಲಿ ಹಾಕಿಕೊಂಡು ಆಗ ತಾನೇ ತೋಟದ ಬಾಗಿಲಿಗೆ ಬಂದಿದ್ದ ಕೇತ ಅದನ್ನು ಕಣ್ಣಾರೆ ಕಂಡ. ಚೀಲ ಬಿಸುಟು ಮಾಂತ್ರಿಕನ ಮೇಲೆ ಹಾರಿದ. ಮಾಗಿರಾಯ ಊದಿದ ಒಂದು ಉಸಿರಿಗೆ ಕೇತನ ಕಾಲು ನೆಲಕ್ಕೆ ಅಂಟಿಕೊಂಡವು.

"ಬಾಗಿಲಿಲ್ಲದ ಮಂತ್ರ ನಿಲ್ಲೋದಿಲ್ಲ, ಅದಕ್ಕೆ ನಿನಗೊಂದು ಬಾಗಿಲು ಹೇಳ್ತೀನಿ, ಕೇಳಿಕೋ" ಎಂದ ಮಾಂತ್ರಿಕ. "ಈ ಮರದಲ್ಲಿ ಮುನ್ನೂರು ಎಲೆ ಇವೆ. ಒಂದೊಂದು ಎಲೆಯೂ ನಿನ್ನಕ್ಕನ ಒಂದೊಂದು ಉಸಿರು. ಮಾಗಿ ಮುಗಿದು, ಅರಮನೆಯ ಗೋಪುರದ ಹಿಮ ಕರಗಿ, ಮೊದಲ ಹನಿ ನೆಲಕ್ಕೆ ಬೀಳೋ ಹೊತ್ತಿಗೆ ಒಂದೇ ಒಂದು ಹಸಿರೆಲೆ ಉಳಿದಿದ್ದರೂ ಅವಳು ನಿನ್ನವಳು. ಇಲ್ಲದಿದ್ದರೆ ನನ್ನ ನಿಲುವಂಗಿಗೆ ಒಂದು ಗುಂಡಿಯಾಗ್ತಾಳೆ. ನಾನಾಗಿ ಕೀಳೋ ಹಾಗಿಲ್ಲ, ಕಿತ್ತ ಎಲೆ ಹೊಲಿಗೆಗೆ ಬರೋದಿಲ್ಲ. ಉದುರಬೇಕು. ಉದುರುತ್ತೆ."

ಹಾಗೆಂದು ಅವನು ಹೊರಟುಹೋದ. ಕೇತನ ಕಾಲು ನೆಲದಿಂದ ಬಿಟ್ಟುಕೊಂಡವು. ಅರಸ ಕಿಟಕಿಯಿಂದ ಇಣುಕಿ, "ಕೇತ, ನಿನ್ನ ಓಲೆಗಳನ್ನ ಬೇರೆಯವರು ಒಯ್ತಾರೆ. ನೀನು ಮರ ಕಾಯಿ" ಎಂದು ಹೇಳಿ, ಕಿಟಕಿ ಹಾಕಿಕೊಂಡ.

ಕಾಯುವುದು! ಕೇತನಿಗೆ ಯಾರಾದರೂ ಆನೆ ಹೊತ್ತು ಬೆಟ್ಟ ಹತ್ತು ಎಂದಿದ್ದರೆ ಹತ್ತುತ್ತಿದ್ದ. ಕಾಯುವುದೊಂದು ಅವನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಮುನ್ನೂರು ಎಲೆ ಎಣಿಸಿದ. ತಿಂಡಿಯ ಹೊತ್ತಿಗೆ ಮತ್ತೆ ಎಣಿಸಿದ. ಇನ್ನೂರ ತೊಂಬತ್ತೊಂಬತ್ತು ಬಂದಾಗ ಮೊದಲಿನಿಂದ ಶುರುಮಾಡಿದ. ಮರದ ಸುತ್ತ ತಿರುಗಿ ತಿರುಗಿ ಹುಲ್ಲು ಸವೆದು ದಾರಿ ಬಿತ್ತು. ತೊಗಟೆಗೆ ಕಿವಿಯಿಟ್ಟು, "ಅಕ್ಕಾ, ಏನ್ಮಾಡ್ಲೇ ನಾನು?" ಎಂದ. ಏನಾದರೂ ಮಾಡಬೇಕು, ಏನಾದರೂ ಮಾಡಬೇಕು ಎಂದು ಅವನ ಕೈ ತುರಿಸುತ್ತಿತ್ತು.

ಆಗ, ಇನ್ನೂ ಬಿಸಿಲು ಬೆಚ್ಚಗಿದ್ದ ಕಾಲದಲ್ಲಿ, ತಲೆಯ ಮೇಲೆ ಗೊಬ್ಬರದ ಬುಟ್ಟಿ ಹೊತ್ತ ಒಬ್ಬ ಮುದುಕಿ ತೋಟಕ್ಕೆ ಬಂದಳು.

"ಅಯ್ಯೋ ಮಗಾ, ಮರ ಎಷ್ಟು ಬಡವಾಗಿದೆ! ಚಳಿ ಬರೋಕೆ ಮುಂಚೆ ಹೊಟ್ಟೆ ತುಂಬ ಉಣ್ಣಿಸಪ್ಪ. ಉಂಡವರಿಗೆ ಚಳಿ ತಾಗುತ್ಯೇ?"

"ಹೌದಲ್ಲಜ್ಜಿ! ನನಗೆ ಹೊಳೀಲೇ ಇಲ್ಲ ನೋಡು."

ಕೇತ ಬುಟ್ಟಿ ಇಸಿದುಕೊಂಡು ಬುಡಕ್ಕೆ ಸುರಿದ. ಎಂಟೇ ದಿನದಲ್ಲಿ ಕೊಂಬೆಕೊಂಬೆಗೂ ಎಳೆ ಚಿಗುರು ಬಂತು. ಕೇತ ಕುಣಿದಾಡಿದ. ಒಂಬತ್ತನೆಯ ದಿನ ಮೊದಲ ಮಂಜು ಬಿತ್ತು. ಮಾಗದ ಚಿಗುರನ್ನು ಮಾಗಿ ತಿಂದಿತು. ಚಿಗುರೆಲ್ಲ ಕರ್ರಗಾಗಿ ಜೋತುಬಿತ್ತು. ಇದ್ದ ಶಕ್ತಿಯನ್ನೆಲ್ಲ ಚಿಗುರಿಗೆ ಸುರಿದಿದ್ದ ಮರ ಬಳಲಿ, ಅದರ ಜೊತೆಗೆ ನೂರು ಹಳೆಯ ಎಲೆಗಳನ್ನೂ ಬಿಟ್ಟುಕೊಟ್ಟಿತು. ಮುದುಕಿ ಮತ್ತೆ ಬಂದು ಬೆನ್ನು ನೆಟ್ಟಗೆ ಮಾಡಿ ನಕ್ಕಳು. ನೋಡಿದರೆ ಮಾಗಿರಾಯ.

"ಅನ್ನ ಹಾಕಿ ಕೊಂದೆಯಲ್ಲೋ" ಎಂದು ಹೇಳಿ ಎಲೆಗಳನ್ನು ಹೊಲಿಸಿಕೊಂಡು ಹೋದ.

ಕೇತನಿಗೆ ತಡೆಯಲಾಗಲಿಲ್ಲ. ತನ್ನ ಕೈಯಿಂದಲೇ ಅಕ್ಕನ ನೂರು ಉಸಿರು ಹೋಯಿತೆಂದು ಎದೆ ಎದೆ ಬಡಿದುಕೊಂಡ. ಇನ್ನು ಊಟದ ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ ಎಂದುಕೊಂಡ. ಮಾಂತ್ರಿಕರು ಒಂದೇ ಮಾತನ್ನು ಎರಡು ಸಲ ಆಡುವಷ್ಟು ದಡ್ಡರಲ್ಲ.

ಹಿಮ ಬಿದ್ದು ಊರೆಲ್ಲ ಬೆಳ್ಳಗಾದ ಮೇಲೆ, ಕಂಬಳಿ ಹೊದ್ದ ಒಬ್ಬ ವ್ಯಾಪಾರಿ ಅಗ್ಗಿಷ್ಟಿಕೆ ಹಿಡಿದುಕೊಂಡು ಬಂದ. ಮರದ ಮುಂದೆ ನಿಂತು ಕಣ್ಣೊರೆಸಿಕೊಂಡ.

"ನೀನು ಚಳಿಯಾದ್ರೆ ಬೆಂಕಿ ಕಾಯಿಸ್ಕೊಳ್ತೀಯ. ನಿಮ್ಮಕ್ಕ ಹೀಗೆ ಬಯಲಲ್ಲಿ ನಿಂತಿದಾಳಲ್ಲಪ್ಪ, ಅವಳಿಗೆ ಬೇಡ್ವೇ?"

ಆ ಮಾತು ಕೇತನಿಗೆ ಮುಳ್ಳಿನಂತೆ ನಾಟಿತು. ಅರಮನೆಯ ಸೌದೆಯ ಕೊಟ್ಟಿಗೆಗೆ ಓಡಿದ. ಹೊತ್ತು ತಂದು, ಹೊತ್ತು ತಂದು, ಮರದ ಮೂರು ಕಡೆಯೂ ಬೆಂಕಿ ಮಾಡಿದ. ಮೂರು ದಿನ ಉರಿಸಿದ. ತೊಗಟೆ ಬೆಚ್ಚಗಾಯಿತು. ವಸಂತ ಬಂತೆಂದು ಮರ ಮೋಸಹೋಗಿ ಬೇರಿನಿಂದ ರಸವನ್ನು ಮೇಲಕ್ಕೆ ಕರೆಯಿತು. ಮೂರನೆಯ ದಿನದ ನಡುರಾತ್ರಿ ಸೌದೆ ಮುಗಿಯಿತು. ಬೆಂಕಿ ಆರಿತು. ಮೇಲೇರಿದ ರಸ ತೊಗಟೆಯೊಳಗೇ ಗಡ್ಡೆ ಕಟ್ಟಿ, ಮರದ ಬೆನ್ನು ಛಟೀರೆಂದು ಸೀಳಿತು. ಇನ್ನೂ ನೂರು ಎಲೆ ಉದುರಿದವು. ವ್ಯಾಪಾರಿ ಮತ್ತೆ ಬಂದು ಕಂಬಳಿ ತೆಗೆದ. ಕೆಳಗೆ ಎಲೆಯ ನಿಲುವಂಗಿ.

"ಬೆಚ್ಚಗೆ ಮಾಡಿ ಕೊಂದೆಯಲ್ಲೋ" ಎಂದು ಹೇಳಿ ಹೋದ.

ಆಮೇಲೆ ಕೇತ ತೋಟದೊಳಗೆ ಯಾರನ್ನೂ ಬಿಡಲಿಲ್ಲ. ಮರುದಿನ ನಿಜವಾದ ಒಬ್ಬ ಅಜ್ಜಿ, ಪಾಪ, ಹುಡುಗ ಉಪವಾಸವಿದ್ದಾನೆಂದು ರೊಟ್ಟಿ ತಂದರೆ, "ಹೋಗೋ ಮಾಗಿರಾಯ!" ಎಂದು ಕೋಲು ಹಿಡಿದು ಅಟ್ಟಿಸಿಕೊಂಡು ಹೋದ. ಅಜ್ಜಿ ಏಳು ತಲೆಮಾರನ್ನು ಬೈದುಕೊಂಡು ಮನೆ ಸೇರಿದಳು.

ಮೂರನೆಯ ಸಲ ಮಾಗಿರಾಯ ವೇಷ ಹಾಕಲಿಲ್ಲ. ಇದ್ದ ಹಾಗೆಯೇ ಬಂದು, ಗೋಡೆಗೆ ಒರಗಿ ನಿಂತು, ಗೆಳೆಯನಂತೆ ಮಾತಾಡಿದ.

"ನೀನು ಗಟ್ಟಿಗ ಕಣೋ. ನಿಜ ಹೇಳ್ತೀನಿ. ಎರಡು ಸಲವೂ ನನ್ನ ಮಂತ್ರ ಏನೂ ಮಾಡ್ಲಿಲ್ಲ, ನಿನ್ನ ಕೈಯೇ ಮಾಡಿದ್ದು. ನೀನು ಕೈಕಟ್ಟಿ ಕೂತುಬಿಟ್ರೆ ನನಗೆ ದಾರಿಯೇ ಇಲ್ಲ."

ಮಾತು ಸರಿಯಾಗಿತ್ತು. ಅದೇ ಅದರ ವಿಷ. ಕೇತ ಹುಟ್ಟಿದ ಮೇಲೆ ಮೊದಲ ಬಾರಿಗೆ ಕೂತ. ಕೈಕಟ್ಟಿ, ಕಾಲು ಮಡಿಸಿ, ಹಿಮದ ಮೇಲೆ ಕಂಬಳಿ ಹಾಸಿಕೊಂಡು ಕೂತ. ಮೈಯೊಳಗೆ ಸಾವಿರ ಇರುವೆ ಹರಿದರೂ ಏಳಲಿಲ್ಲ. ಒಂದು ವಾರವಾಯಿತು. ಎಲೆಗಳು ಒಂದೊಂದಾಗಿ ಸುರುಳಿ ಸುತ್ತಿಕೊಳ್ಳತೊಡಗಿದವು. ಎರಡು ವಾರವಾಯಿತು. ದಿನಕ್ಕೆ ನಾಲ್ಕು ಉದುರಿದವು, ಆರು ಉದುರಿದವು. ಮುಟ್ಟಿದವರಿಲ್ಲ, ತಿನ್ನಿಸಿದವರಿಲ್ಲ, ಬೆಂಕಿ ಹಾಕಿದವರಿಲ್ಲ. ಆದರೂ ಉದುರಿದವು. ಮೂವತ್ತು ಎಲೆ ಉಳಿದ ದಿನ ಕೇತ ಕಂಬಳಿ ಒದ್ದು ಎದ್ದ. ಬಿದ್ದ ಎಲೆಯೊಂದನ್ನು ಕೈಗೆತ್ತಿಕೊಂಡ. ಅದರ ಅಂಚು ಸುಟ್ಟ ಹಪ್ಪಳದಂತೆ ಪುಡಿಪುಡಿಯಾಯಿತು.

ಇಂಥ ಪುಡಿಯನ್ನು ಅವನು ಎಲ್ಲೋ ಕಂಡಿದ್ದ. ಎಲ್ಲಿ? ತನ್ನ ತುಟಿಯ ಮೇಲೇ. ಹಿಮದ ಕಣಿವೆಗಳಲ್ಲಿ ಓಡುವಾಗ ತುಟಿಯ ಚರ್ಮ ಹೀಗೆಯೇ ಒಣಗಿ ಏಳುತ್ತಿತ್ತು. ಎಷ್ಟು ಹಿಮ ಬಾಯಿಗೆ ತುಂಬಿಕೊಂಡರೂ ದಾಹ ಹೋಗದೆ ಸತ್ತ ಓಲೆಕಾರರನ್ನು ಅವನು ನೋಡಿದ್ದ.

"ಬಾಯಾರಿಕೆ!" ಎಂದು ಕೂಗಿದ. "ಅಕ್ಕನಿಗೆ ಬಾಯಾರಿಕೆ ಆಗಿದೆ!"

ಕಾವಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸುತ್ತ ಆಳುದ್ದ ಹಿಮ ಬಿದ್ದಿದೆ, ಬಾಯಾರಿಕೆಯಂತೆ! ತಲೆ ಕೆಟ್ಟಿದೆ ಇವನಿಗೆ."

ಹೆಪ್ಪುನಾಡಿನಲ್ಲಿ ಎಲ್ಲರೂ ಹಾಗೆಯೇ ತಿಳಿದಿದ್ದರು. ಮಾಗಿಯಲ್ಲಿ ಗಿಡಕ್ಕೆ ನೀರೆರೆಯುವುದು ಎಂದರೆ ಅಲ್ಲಿ ಹುಚ್ಚಿಗೆ ಇನ್ನೊಂದು ಹೆಸರು. ಅವರ ತಪ್ಪೇನಿಲ್ಲ. ಅಲ್ಲಿಯ ಮರಗಳೆಲ್ಲ ಎಲೆ ಕಳಚಿ ಮಲಗುತ್ತಿದ್ದವು, ಮಲಗಿದವರಿಗೆ ನೀರೇಕೆ? ಹಿಮಸಂಪಿಗೆ ಮಲಗುವುದಿಲ್ಲ. ಹಸಿರೆಲೆ ಹೊತ್ತು ನಿಂತದ್ದಕ್ಕೆ ಗಾಳಿ ಬೀಸಿದಷ್ಟೂ ಮೈ ಆರುತ್ತದೆ, ದಾಹವಾಗುತ್ತದೆ. ಕೇತ ಹಾರೆ ತಂದು ಹಿಮ ಸರಿಸಿ ನೆಲಕ್ಕೆ ಹೊಡೆದ. ನೆಲ ಟಣ್ಣೆಂದಿತು. ಇದ್ದ ನೀರೆಲ್ಲ ಕಲ್ಲಾಗಿ ಬೇರಿನ ಪಕ್ಕದಲ್ಲೇ ಬೀಗ ಹಾಕಿಕೊಂಡು ಕೂತಿತ್ತು. ಚಳಿಯಿಂದಲ್ಲ, ನೀರಿಲ್ಲದೆ ಸಾಯುತ್ತಿದ್ದಾಳೆ ಅಕ್ಕ, ನಾನು ಪಕ್ಕದಲ್ಲಿ ಕೈಕಟ್ಟಿ ಕೂತು ನೋಡುತ್ತಿದ್ದೆ! ಕೇತ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ.

ಅಡುಗೆಮನೆಗೆ ಓಡಿ ಹಿಮ ಕರಗಿಸಿ ಒಂದು ಕೊಡ ನೀರು ತಂದ. ತೋಟದ ಹೊಸಿಲು ದಾಟುವಷ್ಟರಲ್ಲಿ ಅದು ಕೊಡದೊಳಗೇ ಗಡ್ಡೆ ಕಟ್ಟಿತು. ಹಿಮ ಮಾಗಿರಾಯನದು, ಕರಗಿದರೂ ಅವನು ಕರೆದರೆ ಓಗೊಡುತ್ತದೆ. ನಾಡಿನಲ್ಲಿ ಅವನ ಮಾತು ಕೇಳದ ನೀರು ಒಂದೇ ಒಂದಿತ್ತು. ಎರಡು ಹರದಾರಿ ಆಚೆಯ ಬಿಸಿನೀರ ಹಳ್ಳ. ಅದು ಓಡುವ ನೀರು. ಮಾಂತ್ರಿಕನ ಅಧಿಕಾರವೆಲ್ಲ ನಿಂತ ನೀರಿನ ಮೇಲೆ, ಓಡುವ ನೀರಿನ ಮೇಲಲ್ಲ ಎಂದು ಊರಿನ ಮಕ್ಕಳಿಗೂ ಗೊತ್ತಿತ್ತು.

ಕೇತ ತೊಗಲಿನ ಚೀಲ ಬೆನ್ನಿಗೆ ಕಟ್ಟಿಕೊಂಡು ಓಡಿದ. ಹಳ್ಳದಲ್ಲಿ ತುಂಬಿಕೊಂಡ. ವಾಪಸ್ಸು ಬರುವಾಗ ಸೇತುವೆಯ ಮೇಲೆ ಒಂದು ಗಳಿಗೆ ಉಸಿರಾಡಲು ನಿಂತ. ಬೆನ್ನ ಮೇಲೆ ಧಡಕ್ಕನೆ ಭಾರ ಬಿತ್ತು. ಚೀಲದಲ್ಲಿ ನೀರಿಲ್ಲ, ಕಲ್ಲು. ಆಗ ಅವನಿಗೆ ಅರ್ಥವಾಯಿತು. ತಾನು ಓಡಿದರೆ ಅದು ಓಡುವ ನೀರು. ತಾನು ನಿಂತರೆ ಅದು ನಿಂತ ನೀರು.

ಎರಡನೆಯ ದಿನ ಸೇತುವೆಯ ಮೇಲೆ ನಿಲ್ಲಲಿಲ್ಲ. ಬೆಟ್ಟದ ಏರಿನಲ್ಲಿ ನಿಲ್ಲಲಿಲ್ಲ. ಕೋಟೆಯ ಬಾಗಿಲಿಗೆ ಬಂದಾಗ ಕಾವಲಿನವನು ಪದ್ಧತಿಯಂತೆ ಈಟಿ ಅಡ್ಡ ಹಿಡಿದು, "ಯಾರದು? ನಿಲ್ಲು!" ಎಂದ. ನಿಂತ. ನೀರೂ ನಿಂತಿತು. ಕೇತ ಕಲ್ಲಾದ ಚೀಲವನ್ನು ಅವನ ಕಾಲ ಬುಡಕ್ಕೆ ಎಸೆದು, ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ. ಆ ಅಳು ಅರಮನೆಯ ಕಿಟಕಿಯವರೆಗೆ ಕೇಳಿಸಿತು.

ಮೂರನೆಯ ದಿನ ಮರದಲ್ಲಿ ಉಳಿದದ್ದು ಒಂದೇ ಎಲೆ. ಅದೂ ಸುರುಳಿ ಸುತ್ತಿಕೊಂಡು, ತೊಟ್ಟು ಸಡಿಲವಾಗಿ, ಗಾಳಿಗೆ ಗಿರಗಿರ ತಿರುಗುತ್ತಿತ್ತು. ಗೋಪುರದ ತುದಿಯ ಹಿಮ ಬಿಸಿಲಿಗೆ ಮಿನುಗುತ್ತಿತ್ತು, ಇನ್ನೂ ತೊಟ್ಟಿಕ್ಕಿರಲಿಲ್ಲ. ಮಾಗಿರಾಯ ಬಂದು ಗೋಡೆಯ ಮೇಲೆ ಕೂತಿದ್ದ. ಕೇತ ಅವನ ಕಡೆ ನೋಡದೆ ಹೊರಟ.

ಹಳ್ಳದಿಂದ ಮರಳುವಾಗ ಕಣಿವೆಯ ಕಿರುದಾರಿಗೆ ಅಡ್ಡಲಾಗಿ ಒಂದು ಬಿಳಿಯ ಕರಡಿ ಮಲಗಿತ್ತು. ಮನೆಯಷ್ಟು ದೊಡ್ಡದು. ಅದು ಕಚ್ಚಲಿಲ್ಲ, ಪರಚಲಿಲ್ಲ. ಬಾಯಿ ತೆರೆದು ಬಾಚಲೆಯ ದನಿಯಲ್ಲಿ ಮಾತಾಡಿತು.

"ಎಷ್ಟು ಸೊರಗಿದೀಯೋ ಕೇತ. ಬಾ, ಒಂದು ತುತ್ತಾದ್ರೂ ಕೂತು ತಿನ್ನೋ."

ಐದು ತಿಂಗಳಿಂದ ಕೇಳದ ದನಿ. ಕೇತನಿಗೆ ಕೂತುಬಿಡಬೇಕು, ಆ ಮಡಿಲಲ್ಲಿ ತಲೆಯಿಟ್ಟು ಒಮ್ಮೆ ಅತ್ತುಬಿಡಬೇಕು ಎನ್ನಿಸಿತು. "ಬರ್ತೀನಕ್ಕಾ, ಮೊದಲು ನೀನು ನೀರು ಕುಡಿ!" ಎಂದು ಕೂಗುತ್ತಲೇ ಕರಡಿಯ ಬೆನ್ನ ಮೇಲೆ ಕಾಲಿಟ್ಟು ಆಚೆಗೆ ಹಾರಿದ. ಕಣ್ಣೀರು ಕೆನ್ನೆಯ ಮೇಲೆ ಗಟ್ಟಿಯಾಯಿತು. ಬೆನ್ನ ಮೇಲಿನ ನೀರು ಮಾತ್ರ ಕುಲುಕುತ್ತಲೇ ಇತ್ತು.

ಕೋಟೆಯ ಬಾಗಿಲು ಹಾರುಹೊಡೆದಿತ್ತು. ಬಾಗಿಲ ಪಕ್ಕದಲ್ಲಿ ಈಟಿಯಿಲ್ಲ, ಕಾವಲಿನವನಿಲ್ಲ. ಬೂತರಸ ತಾನೇ, ಕಿರೀಟವಿಲ್ಲದೆ, ನಡುಗುತ್ತಾ, ಎರಡು ಕೈಯಲ್ಲೂ ಕದ ಹಿಡಿದು ನಿಂತಿದ್ದ. "ನಿಲ್ಲಬೇಡ! ನಡಿ, ನಡಿ!" ಎಂದು ಅರಸ ಕಿರುಚಿದ. ಅವನು ಧೈರ್ಯವಾಗಿ ಕೊಟ್ಟ ಮೊದಲ ಅಪ್ಪಣೆ ಅದು.

ಕೇತ ತೋಟಕ್ಕೆ ನುಗ್ಗಿದ. ನಿಂತು ಸುರಿಯುವ ಹಾಗಿಲ್ಲ. ಮರದ ಸುತ್ತ ಓಡುತ್ತಾ ಓಡುತ್ತಾ ಚೀಲದ ಬಾಯಿ ಬಿಚ್ಚಿ ಬುಡಕ್ಕೆ ಸುರಿದ. ಬಿಸಿನೀರು ನೆಲದ ಬೀಗ ತೆಗೆಯಿತು. ಒಂದು ಸುತ್ತು, ಎರಡು ಸುತ್ತು. ಎಲೆ ತಿರುಗುತ್ತಲೇ ಇತ್ತು. ಮೂರನೆಯ ಸುತ್ತಿಗೆ ಚೀಲ ಬರಿದಾಯಿತು. ನೆಲ ಗಟಗಟ ಕುಡಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಎಲೆಯ ಸುರುಳಿ ನಿಧಾನವಾಗಿ ಬಿಚ್ಚಿ, ಅಂಗೈಯಂತೆ ಅಗಲವಾಗಿ, ಹಸಿರಾಗಿ ತೆರೆದುಕೊಂಡಿತು.

ಗೋಪುರದಿಂದ ಮೊದಲ ಹನಿ ಟಪ್ಪೆಂದು ಬಿತ್ತು.

ಮಾಗಿರಾಯ ಗೋಡೆಯಿಂದ ಇಳಿಯಲು ಹೋದ. ತೋಳಿನ ಹೊಲಿಗೆ ಬಿಚ್ಚಿತು. ಹಿಡಿದುಕೊಳ್ಳಲು ಹೋದ, ಬೆನ್ನಿನದು ಬಿಚ್ಚಿತು. ಲಕ್ಷಾಂತರ ಎಲೆಗಳು ಒಂದೇ ಸಲ ಎದ್ದು, ಆಕಾಶವನ್ನೆಲ್ಲ ತುಂಬಿ, ಗುಂಪುಗುಂಪಾಗಿ ತಮ್ಮ ತಮ್ಮ ಮರಗಳ ಕಡೆಗೆ ಹಾರಿದವು. ಹಿಮಸಂಪಿಗೆಯ ತೊಗಟೆ ಬಾಗಿಲಂತೆ ತೆರೆಯಿತು. ಬಾಚಲೆ ಹೊರಗೆ ಬಂದಳು. ಬಂದವಳು ಬಾಯಿ ಬಿಗಿಹಿಡಿದು, ಕಣ್ಣು ಅಗಲಿಸಿ, ತಮ್ಮನನ್ನೇ ನೋಡುತ್ತಾ ನಿಂತಳು. ಒಂದು ಎಲೆಗೆ ಒಂದೇ ಉಸಿರು. ಅದನ್ನು ಬಿಟ್ಟರೆ ಮುಗಿಯಿತು.

"ಮಾತಾಡಬೇಡಕ್ಕಾ" ಎಂದು ಕೇತ ಅವಳ ಕೈ ಹಿಡಿದುಕೊಂಡ. "ಏನೂ ಹೇಳಬೇಡ. ಬರ್ತಾ ಇವೆ, ನೋಡಲ್ಲಿ, ಬರ್ತಾ ಇವೆ."

ಬಂದವು. ನೂರು ಎಲೆ ಬಂದು ಕೊಂಬೆಗೆ ಕೂತವು. ಇನ್ನೂರಾದವು. ಇನ್ನೂರ ತೊಂಬತ್ತೊಂಬತ್ತನೆಯದೂ ಬಂದು ಕೂತಾಗ ಬಾಚಲೆಯ ಎದೆ ತುಂಬಿ ಏರಿತು, ಇಳಿಯಿತು, ಮತ್ತೆ ಏರಿತು. ಅವಳು ಮೊದಲು ಬೆನ್ನು ಸವರಿಕೊಂಡಳು. ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಗಾಯದ ಗೆರೆ.

"ಮರಕ್ಕೆ ಬೆಂಕಿ ಹಾಕೋರುಂಟೇನೋ, ಕತ್ತೆ!" ಎಂದಳು.

ಕೇತನಿಗೆ ಇಡೀ ಜನ್ಮದಲ್ಲಿ ಯಾರೂ ಇಷ್ಟು ಸಿಹಿಯಾದ ಮಾತು ಆಡಿರಲಿಲ್ಲ. ಅವನು ಅಕ್ಕನ ಕಾಲ ಮೇಲೆ ಬಿದ್ದು ಮಗುವಿನಂತೆ ಅತ್ತ, ಅವಳೂ ಅವನ ತಲೆ ಸವರುತ್ತಾ ಅತ್ತಳು, ಕದ ಬಿಟ್ಟು ಬಂದ ಅರಸನೂ ಯಾಕೆಂದು ತಿಳಿಯದೆ ಅತ್ತ.

ಮಾಗಿರಾಯನ ಕತೆ ಏನಾಯಿತು ಎಂದು ಕೇಳುತ್ತೀರಿ. ಎಲೆಯೆಲ್ಲ ಹೋದ ಮೇಲೆ ಗೋಡೆಯ ಬುಡದಲ್ಲಿ ಉಳಿದದ್ದು ಎಲುಬು ತೊಗಲಿನ ಒಬ್ಬ ಮುದುಕ. ಹಲ್ಲು ಕಟಕಟ ಎನ್ನುತ್ತಿತ್ತು. ಊರಿಗೆಲ್ಲ ಚಳಿ ಹಂಚಿದವನು ಚಳಿ ತಡೆಯಲಾರದೆ ಮುದುಡಿ ಕೂತಿದ್ದ. ಜನ ಕಲ್ಲೆತ್ತಿಕೊಂಡರು. ಬಾಚಲೆ ಅಡ್ಡ ಬಂದು, ಎಳೆಯ ಸಸಿಗಳಿಗೆ ಸುತ್ತುವ ಗೋಣಿತಾಟೊಂದನ್ನು ತಂದು ಅವನಿಗೆ ಸುತ್ತಿದಳು.

"ವರ್ಷಕ್ಕೆ ಮೂರು ತಿಂಗಳು ಬಂದು ಹೋಗಿ, ಸ್ವಾಮಿ. ಬಿತ್ತಿದ್ದಕ್ಕೂ ಸ್ವಲ್ಪ ಚಳಿ ಬೇಕು. ಎಲೆ ಮಾತ್ರ ಕೇಳಬೇಡಿ, ಕೊಟ್ಟವರು ಕೊಟ್ಟಷ್ಟು" ಎಂದಳು. ಅವನು ಗೋಣಿಯೊಳಗಿಂದ ತಲೆಯಾಡಿಸಿದ. ಚಳಿಯೊಂದನ್ನು ಬಿಟ್ಟು ಮಂತ್ರವೆಲ್ಲ ಹೊಲಿಗೆಯ ಜೊತೆಗೇ ಹೋಗಿತ್ತು.

ಆ ಬೇಸಿಗೆಯಲ್ಲಿ ಹಿಮಸಂಪಿಗೆ ಮೊದಲ ಹೂ ಬಿಟ್ಟಿತು. ಅದರ ನಿಂಬೆಯಂಥ ಕಂಪು ಏಳು ಬೆಟ್ಟ ದಾಟಿ ಹೋಯಿತು. ಬಾಚಲೆ ಮನೆಮನೆಗೂ ಒಂದೊಂದು ಸಸಿ ಕೊಟ್ಟು, ಗಾಳಿಗೆ ಮರೆ ಮಾಡಿ, ಮಳೆಗಾಲ ಕಳೆದ ಮೇಲೆ ಗೊಬ್ಬರ ಹಾಕಬೇಡಿ, ನೆಲ ಗಟ್ಟಿಯಾಗುವ ಮೊದಲು ಹೊಟ್ಟೆ ತುಂಬ ನೀರು ಕುಡಿಸಿ ಎಂದು ಹೇಳಿಕೊಟ್ಟಳು. ಈಗ ಆ ನಾಡಿನಲ್ಲಿ ಮಾಗಿಯ ನಡುವೆ ಬಿಸಿಲು ಬಿದ್ದ ಮಧ್ಯಾಹ್ನ ಹಿರಿಯರು ಕಿರಿಯರು ಎಲ್ಲರೂ ಬಿಸಿನೀರ ಹಳ್ಳದಿಂದ ಚೀಲ ಹೊತ್ತು ಓಡಿ ಬಂದು, ಮರಗಳ ಸುತ್ತ ಓಡುತ್ತಾ ನೀರು ಸುರಿಯುತ್ತಾರೆ. ಈಗ ಮಂತ್ರವಿಲ್ಲ, ನಿಂತರೂ ನೀರು ಕಲ್ಲಾಗುವುದಿಲ್ಲ. ಆದರೂ ಓಡುತ್ತಾರೆ, ನಗುತ್ತಾರೆ, ಜಾರಿ ಬೀಳುತ್ತಾರೆ. ಎಲ್ಲರಿಗಿಂತ ಮುಂದೆ ಕೇತ, ಅವನ ಹಿಂದೆಯೇ ಸೀರೆ ಎತ್ತಿಕಟ್ಟಿದ ಬಾಚಲೆ. ಅಲ್ಲಿ ಅವರೆಲ್ಲ ತಣ್ಣಗಿದ್ದಾರೆ. ಕೇಳಿದ ನೀವೂ, ಹೇಳಿದ ನಾನೂ ಬೆಚ್ಚಗಿರೋಣ.